ಎರಡು ತಿಂಗಳ ಮುಂಗಡ

ವೈಕಂ ಮುಹಮ್ಮದ್ ಬಷೀರರ ‘ನೀಲವೆಳಿಚ್ಚಂ’ ಕಥೆಯನ್ನು ನಾವೆಲ್ಲ ದೆವ್ವದ ಕಥೆಯೆಂದೇ ಓದುತ್ತ ಬಂದವರು. ನಾನೂ ಹಾಗೆಯೇ ತಿಳಿದಿದ್ದೆ. ಆದರೆ ಮಗಳಿಗೆ ಬೆಂಗಳೂರಿನಲ್ಲಿ ಉದ್ಯೋಗವಾಗಿ, ಅವಳೊಂದಿಗೆ ಬಿಡಾರ ಹುಡುಕುತ್ತ ಮೂರು ದಿನ ಅಲೆದು ಊರಿಗೆ ಮರಳಿದ ಮೇಲೆ, ಅದು ಮೊದಲಾಗಿ ಬಾಡಿಗೆದಾರನ ಕಥೆ ಎಂಬುದು ಹೊಳೆಯಿತು.

ಕಥಾನಾಯಕ ಒಬ್ಬ ಬರಹಗಾರ. ಕುಳಿತು ಬರೆಯಲು ತಕ್ಕ ಮನೆಗಾಗಿ ಪಟ್ಟಣವೆಲ್ಲ ತಿರುಗಿ, ಕೊನೆಗೊಂದನ್ನು ಕಂಡು, ಎರಡು ತಿಂಗಳ ಬಾಡಿಗೆ ಮುಂಗಡ ತೆತ್ತು ಬೀಗದ ಕೈ ಪಡೆಯುತ್ತಾನೆ. ಆಮೇಲೆ ತಿಳಿಯುತ್ತದೆ, ಅದು ಭಾರ್ಗವಿ ಎಂಬ ಹುಡುಗಿ ಬಾವಿಗೆ ಹಾರಿ ಸತ್ತ ಮನೆಯೆಂದು. ಹಣ ಕೊಟ್ಟಾಗಿದೆ, ಬೇರೆ ಮನೆಯಿಲ್ಲ. ಆಗ ಅವನು ಮಂತ್ರವಾದಿಯನ್ನು ಕರೆಸುವುದಿಲ್ಲ. ಕಾಣದ ಭಾರ್ಗವಿಯೊಡನೆ ಮಾತಿಗಿಳಿಯುತ್ತಾನೆ. ತಾನು ಯಾರು, ಏಕೆ ಬಂದೆ ಎಂಬುದನ್ನು ತಾನಾಗಿ ಹೇಳಿಕೊಳ್ಳುತ್ತಾನೆ. ಕಥೆಯ ಜೀವ ಇರುವುದು ಇಲ್ಲಿ ಎಂದು ನನಗೆ ತೋರುತ್ತದೆ.

ನಮ್ಮ ಅನುಭವ ಇದಕ್ಕೆ ತಿರುಗುಮುರುಗು. ನಮ್ಮ ಪರಿಚಯವನ್ನು ನಾವು ಹೇಳುವ ಮೊದಲೇ ಕಿತ್ತುಕೊಳ್ಳುತ್ತಾರೆ. ಯಾವ ಜಾತಿ, ಏನು ಊಟ, ರಾತ್ರಿ ಎಷ್ಟು ಗಂಟೆಗೆ ಬರುವುದು? ಒಬ್ಬ ಮನೆಯೊಡತಿ ಆಧಾರ್ ಕಾರ್ಡಿನ ವಿಳಾಸ ನೋಡಿ, “ಓ, ಕೇರಳದವ್ರಾ? ಕನ್ನಡ ಚೆನ್ನಾಗೇ ಕಲ್ತಿದ್ದೀರಲ್ಲ!” ಎಂದರು. ಮಗಳು ನನ್ನ ಮುಖ ನೋಡಿದಳು. 1956ರ ಕಥೆಯನ್ನು ಆ ಜಗಲಿಯಲ್ಲಿ ನಿಂತು ಹೇಗೆ ಹೇಳಲಿ? “ಹೌದು ಅಮ್ಮ” ಎಂದೆ. ಆ “ಹೌದು” ಇಂದಿಗೂ ಗಂಟಲಲ್ಲಿದೆ.

ಬಾಡಿಗೆ ಮನೆಯ ಜಗಳವನ್ನು ಎರಡೂ ಭಾಷೆಗಳ ಸಿನೆಮಾ ನಗಿಸಲು ಚೆನ್ನಾಗಿ ದುಡಿಸಿಕೊಂಡಿವೆ. ಮಲಯಾಳದ ‘ಸನ್ಮನಸ್ಸುಳ್ಳವರ್ಕ್ ಸಮಾಧಾನಂ’ (1986), ಕನ್ನಡದ ‘ಗಣೇಶನ ಮದುವೆ’ (1990) ನೋಡಿ ನಾವು ಮನೆಮಂದಿಯೆಲ್ಲ ನಕ್ಕಿದ್ದೇವೆ. ಬಷೀರರಲ್ಲೂ ನಗೆಯಿದೆ, ಆದರೆ ಪರರ ಮನೆಯಲ್ಲಿ ಬಾಳುವವನ ಮರ್ಯಾದೆಯ ಪ್ರಶ್ನೆ ಆ ನಗೆಯ ಅಡಿಯಲ್ಲಿದೆ.

ಇದೇ ಕಥೆಯಿಂದ ಬಷೀರರು ಚಿತ್ರಕಥೆ ಬರೆದು, ಎ. ವಿನ್ಸೆಂಟರು ‘ಭಾರ್ಗವೀನಿಲಯಂ’ (1964) ಮಾಡಿದರು. 2023ರಲ್ಲಿ ಆಶಿಕ್ ಅಬು ಅದನ್ನು ಮತ್ತೆ ತೆರೆಗೆ ತಂದರು. ಹಾಡುಗಳ ಮಾಧುರ್ಯಕ್ಕೆ ಸಾಟಿಯಿಲ್ಲ, ನಿಜ. ಆದರೆ ಸಿನೆಮಾದಲ್ಲಿ ಭಾರ್ಗವಿಯ ಸಾವು ಕೊಲೆಯಾಗುತ್ತದೆ, ಬಾಡಿಗೆದಾರ ಅದರ ಪತ್ತೇದಾರನಾಗುತ್ತಾನೆ. ಕಥೆಯಲ್ಲಿ ಅಂಥ ವಿವರಣೆಯೇ ಇಲ್ಲ. ಸೀಮೆಎಣ್ಣೆ ತೀರಿ, ಗೆಳೆಯರ ಬಿಡಾರದಿಂದ ಎಣ್ಣೆ ತರಲು ಹೋದವನು ಮರಳುವಾಗ ಕೋಣೆಯಲ್ಲಿ ನೀಲಿ ಬೆಳಕು. ಅದನ್ನು ನಾನು ಮನೆ ಕೊಟ್ಟ ಒಪ್ಪಿಗೆ ಎಂದು ಓದುತ್ತೇನೆ.

ಒಂದು ಕೊರತೆಯನ್ನೂ ಹೇಳಬೇಕು. ಆ ಬರಹಗಾರ ಒಂಟಿ ಗಂಡಸು. ಅವನಿಗೆ ಬೀಗದ ಕೈ ಸುಲಭವಾಗಿ ಸಿಕ್ಕಿತು. ಒಂಟಿ ಹೆಣ್ಣೊಬ್ಬಳು ಆ ಮನೆ ಕೇಳಿದ್ದರೆ? ಭಾರ್ಗವಿಗೂ ಕಥೆಯಲ್ಲಿ ಬೆಳಕಿದೆ, ಮಾತಿಲ್ಲ. ನಮ್ಮ ಹೆಣ್ಣುಮಕ್ಕಳು ಊರೂರು ಸೇರುತ್ತಿರುವ ಈ ಕಾಲದಲ್ಲಿ ಆ ಇನ್ನೊಂದು ಕಥೆಯನ್ನು ಅವರೇ ಬರೆಯಬೇಕು, ಕನ್ನಡದಲ್ಲಾಗಲಿ, ಮಲಯಾಳದಲ್ಲಾಗಲಿ.

ಮಗಳಿಗೆ ಕೊನೆಗೆ ಮನೆ ಸಿಕ್ಕಿತು, ಹತ್ತು ತಿಂಗಳ ಮುಂಗಡಕ್ಕೆ. ಅವಳು ಮಲಯಾಳವನ್ನು ನನಗಿಂತ ಸಲೀಸಾಗಿ ಓದುತ್ತಾಳೆ. ಪಾತ್ರೆಪಗಡಿಗಳ ನಡುವೆ ಬಷೀರರ ಪುಸ್ತಕವನ್ನೂ ಕಟ್ಟಿಕೊಟ್ಟೆ.