ಸ್ವಗತದಿಂದ ಸಂವಾದಕ್ಕೆ

ನಾಟಕದ ಸ್ವಗತಕ್ಕೊಂದು ಸೌಕರ್ಯವುಂಟು. ರಂಗದ ಮೇಲಿನ ಇತರ ಪಾತ್ರಗಳಿಗೆ ಅದು ಕೇಳಿಸದು. ಪ್ರೇಕ್ಷಕರಿಗೆ ಮಾತ್ರ ಕೇಳಿಸುತ್ತದೆ. ಮನೆಯವರೆದುರು ಆಡಲಾಗದ ಮಾತನ್ನು ಅಪರಿಚಿತರೆದುರು ಆಡಲು ಅದು ಒಳ್ಳೆಯ ಉಪಾಯ. ಅಮೆರಿಕದ ಲೇಖಿಕೆ ಎಸ್ತರ್ ಮಾರಿಸ್ ಅವರ ‘ದಿ ಮಿಸ್ಸಿಂಗ್ ವಜೈನಾ ಮೊನೊಲಾಗ್’ (2001) ಎಂಬ ಪ್ರಬಂಧ ಈ ಉಪಾಯವನ್ನೇ ಹಿಡಿದಿದೆ. ಈವ್ ಎನ್ಸ್‌ಲರ್ ಅವರ 1996ರ ನಾಟಕ ‘ದಿ ವಜೈನಾ ಮೊನೊಲಾಗ್ಸ್’ ಹೆಣ್ಣಿನ ಗುಹ್ಯಾಂಗದ ಮಾತನ್ನು ರಂಗಕ್ಕೆ ತಂದು ಪ್ರಸಿದ್ಧವಾಗಿತ್ತು. ಆ ಅಂಗವೇ ಇಲ್ಲದೆ ಹುಟ್ಟಿದವಳ ಸ್ವಗತವೆಲ್ಲಿ ಎಂಬ ಪ್ರಶ್ನೆ ಮಾರಿಸ್ ಅವರ ಶೀರ್ಷಿಕೆಯಲ್ಲಿಯೇ ಅಡಗಿದೆ.

ವಿಷಯ ಅಪರಿಚಿತವಾದುದರಿಂದ ಎರಡು ಮಾತು ಅಗತ್ಯ. ಸುಮಾರು 4,500ರಿಂದ 5,000 ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಹುಟ್ಟಿನಿಂದಲೇ ಗರ್ಭಕೋಶವೂ ಯೋನಿಮಾರ್ಗವೂ ಬೆಳೆದಿರುವುದಿಲ್ಲ. ಅಂಡಾಶಯಗಳು ಸರಿಯಾಗಿರುತ್ತವೆ, ಮೈ ಎಲ್ಲ ಹುಡುಗಿಯರಂತೆಯೇ ತುಂಬಿಕೊಳ್ಳುತ್ತದೆ, ಮುಟ್ಟು ಮಾತ್ರ ಬರುವುದಿಲ್ಲ. ಹದಿನಾರರ ಆಸುಪಾಸಿನಲ್ಲಿ ವೈದ್ಯರ ಬಳಿಗೆ ಹೋದಾಗಲೇ ಸಾಮಾನ್ಯವಾಗಿ ಸಂಗತಿ ತಿಳಿಯುವುದು. ಮಯರ್, ರೋಕಿಟಾನ್‌ಸ್ಕಿ, ಕ್ಯೂಸ್ಟರ್, ಹೌಸರ್ ಎಂಬ ನಾಲ್ವರು ವೈದ್ಯರ ಹೆಸರಿನಿಂದ ಇದು ಎಂ.ಆರ್.ಕೆ.ಎಚ್. ಎನಿಸಿಕೊಂಡಿದೆ. ನಾಲ್ವರೂ ಗಂಡಸರು. ಅನುಭವಿಸಿದವರೊಬ್ಬರ ಹೆಸರೂ ಇದರಲ್ಲಿಲ್ಲ.

ಮಾರಿಸ್ ಅವರ ಬರಹದ ಸತ್ವವಿರುವುದು ಈ ಕೊರತೆಯನ್ನು ತುಂಬುವ ಧೈರ್ಯದಲ್ಲಿ. ಅವರು ಕರುಣೆಯನ್ನು ಬೇಡುವುದಿಲ್ಲ. ದೇಹದಲ್ಲಿ ಇಲ್ಲದ ಅಂಗಕ್ಕಿಂತ, ಅದನ್ನು ಇದ್ದಂತೆ ಮಾಡಲು ನಡೆದ ಚಿಕಿತ್ಸೆಯೇ ತಮ್ಮನ್ನು ಹೆಚ್ಚು ನೋಯಿಸಿತೆಂಬುದು ಅವರ ವಾದ. ಚಿಕಿತ್ಸೆ ಯಾರಿಗಾಗಿ? ಹುಡುಗಿಗಾಗಿಯೋ, ಮುಂದೊಮ್ಮೆ ಬರುವನೆಂದು ಹಿರಿಯರು ಊಹಿಸಿಕೊಂಡ ಗಂಡನಿಗಾಗಿಯೋ? ವೈದ್ಯರ ಕಡತದಲ್ಲಿ ‘ರೋಗಿ’ಯಾಗಿದ್ದವಳು ಇಲ್ಲಿ ‘ನಾನು’ ಎನ್ನುತ್ತಾಳೆ. ಇದು ಸಣ್ಣ ಸಾಧನೆಯಲ್ಲ.

ಆದರೂ ಸ್ವಗತಕ್ಕೊಂದು ಮಿತಿಯಿದೆ. ಅದು ಲೇಖಿಕೆಯದಲ್ಲ, ಆ ಪ್ರಕಾರದ್ದೇ. ಒಂದು ಕಂಠ ಒಂದೇ ಅನುಭವವನ್ನು ಹೊರಬಲ್ಲದು. ತನ್ನಿಚ್ಛೆಯಿಂದಲೇ ಚಿಕಿತ್ಸೆಯನ್ನು ಬಯಸುವವಳಿದ್ದಾಳೆ, ಬೇಡವೆನ್ನುವವಳೂ ಇದ್ದಾಳೆ. ಹೆರಲಾರೆನಲ್ಲಾ ಎಂದು ಅಳುವವಳ ಪಕ್ಕದಲ್ಲಿ, ಆ ಚಿಂತೆಯೇ ಇಲ್ಲದವಳು ಕುಳಿತಿರಬಹುದು. ಇವರೆಲ್ಲರ ಮಾತಿಗೆ ಎಡೆಯಾಗುವುದು ಸ್ವಗತ ಸಂವಾದವಾದಾಗ. ಮಾರಿಸ್ ಇದನ್ನು ಬಲ್ಲವರು; ಇಂಥ ಸ್ತ್ರೀಯರ ಸಂಘಟನೆಯೊಂದನ್ನು ಕಟ್ಟಿದವರೂ ಅವರೇ.

ಹೀಗೆ ಕೂಡಿ ಕುಳಿತು ಮಾತಾಡುವುದರಿಂದ ಪ್ರಯೋಜನವೇನು ಎಂದು ವ್ಯವಹಾರಜ್ಞರು ಕೇಳಬಹುದು. ಇಂಗ್ಲೆಂಡಿನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಒಂದು ಪ್ರಯೋಗ ಉತ್ತರ ಕೊಡುತ್ತದೆ. 39 ಮಂದಿಯನ್ನು ಎರಡು ಪಾಲು ಮಾಡಿ, ಒಂದು ಪಾಲಿನವರನ್ನು ಮನಶ್ಶಾಸ್ತ್ರಜ್ಞರ ಮಾರ್ಗದರ್ಶನದ ಏಳು ಗುಂಪುಸಭೆಗಳಿಗೆ ಸೇರಿಸಲಾಯಿತು. ಉಳಿದವರು ಸರದಿ ಕಾದರು. ಸಭೆಗೆ ಬಂದವರ ಮನೋಬಾಧೆ ಗಮನಾರ್ಹವಾಗಿ ತಗ್ಗಿತು. ಅಮೆರಿಕದ ಪ್ರಸೂತಿತಜ್ಞರ ಸಂಸ್ಥೆ 2018ರಲ್ಲಿ ಹೊರಡಿಸಿದ ಸಲಹೆಯಂತೆ, ಇಂಥ ಎಲ್ಲರಿಗೂ ಆಪ್ತಸಮಾಲೋಚನೆ ದೊರೆಯಬೇಕು. ಸಮಾನದುಃಖಿಗಳ ಗುಂಪನ್ನು ಸೇರಲು ಪ್ರೋತ್ಸಾಹವೂ ಬೇಕು. ಚಿಕಿತ್ಸೆ ಯಾವಾಗ ಎಂಬುದಕ್ಕೆ ಹುಡುಗಿಯ ಸ್ವಂತ ಬಯಕೆಯನ್ನೂ ಮನಸ್ಸಿನ ಪ್ರೌಢತೆಯನ್ನೂ ಅದು ನಿಕಷವಾಗಿಸಿದೆ. 2001ರ ಆ ಸ್ವಗತದ ಪ್ರಶ್ನೆಗೆ ವೈದ್ಯಲೋಕ ಕೊಟ್ಟ ತಡವಾದ ಉತ್ತರವಿದು ಎನ್ನಬಹುದು.

ಕನ್ನಡ ಓದುಗರಿಗೆ ಇದರಲ್ಲೇನಿದೆ? ಹುಡುಗಿ ಮೈನೆರೆದರೆ ಆರತಿಯೆತ್ತಿ ಹಾಡುವ ಸಂಪ್ರದಾಯ ನಮ್ಮದು. ಆ ದಿನ ಎಂದೂ ಬಾರದವಳಿಗೆ ನಮ್ಮಲ್ಲಿ ಹಾಡಿಲ್ಲ. ಇರುವುದು ‘ಬಂಜೆ’ ಎಂಬ ಒಂದು ಶಬ್ದ, ಅದೂ ಬೈಗುಳ. ಕಥೆಗಾರರೂ ಆ ಶಬ್ದದ ಹೊರಗಿನ ಮರುಕವನ್ನು ಚಿತ್ರಿಸಿದಷ್ಟು, ಒಳಗಿರುವವಳ ಮಾತನ್ನು ಕೇಳಿಲ್ಲ. ತನ್ನಂಥವಳು ಇನ್ನೊಬ್ಬಳಿದ್ದಾಳೆಂದು ತಿಳಿದಾಗ ಹೊರಡುವ ಮೊದಲ ಮಾತಿಗೆ ಅಲಂಕಾರ ಬೇಡ, ಛಂದಸ್ಸೂ ಬೇಡ. ಅದನ್ನು ಆಡಿಕೊಳ್ಳಲು ಒಂದು ಕೋಣೆ, ನಾಲ್ಕು ಕುರ್ಚಿ, ಬೈಗುಳವಲ್ಲದ ಕನ್ನಡ ಇಷ್ಟಿದ್ದರೆ ಸಾಕು. ಮೊದಲೆರಡನ್ನು ಯಾರಾದರೂ ಒದಗಿಸಬಹುದು. ಮೂರನೆಯದು ಬರೆಯುವವರ ಹೊಣೆ.