ಬಟನ್ ಕಾಣದವರ ಡಿಲೀಟ್

ಸೆಲೆನಿಯಂ ಬಳಸಿ ವೆಬ್‌ಸೈಟ್ ಪರೀಕ್ಷಿಸುವವರು ಒಂದಲ್ಲ ಒಂದು ದಿನ ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ: ಇದರಿಂದ ಸರ್ವರ್‌ಗೆ ನೇರವಾಗಿ ಡಿಲೀಟ್ ರಿಕ್ವೆಸ್ಟ್ ಕಳಿಸುವುದು ಹೇಗೆ? ಪುಟ ತೆರೆಯಲು, ಬಟನ್ ಒತ್ತಲು, ಕುಕಿ ಅಳಿಸಲು ಅದರಲ್ಲಿ ಕಮಾಂಡ್‌ಗಳಿವೆ. ಇಂಥ ವಿಳಾಸಕ್ಕೆ ಡಿಲೀಟ್ ಕಳಿಸು ಎನ್ನುವ ಕಮಾಂಡ್ ಮಾತ್ರ ಇಲ್ಲ. ಬಹಳ ಮಂದಿ ಇದನ್ನು ಟೂಲ್‌ನ ಕೊರತೆ ಎಂದುಕೊಂಡು ಅಡ್ಡದಾರಿ ಹುಡುಕುತ್ತಾರೆ, ಸಿಕ್ಕ ಮೇಲೆ ಬಟನ್ ಒತ್ತುವುದನ್ನೇ ಬಿಟ್ಟು ಎಲ್ಲ ಟೆಸ್ಟ್‌ಗಳಲ್ಲೂ ಅದನ್ನೇ ಹಿಡಿಯುತ್ತಾರೆ. ಆ ಅಡ್ಡದಾರಿ ನಿಜವಾಗಿ ಬೇಕಾಗುವ ಜಾಗ ಬೇರೆ ಇದೆ ಎಂಬುದು ನನ್ನ ವಾದ. ಅಳಿಸುವ ಹಕ್ಕಿಲ್ಲದ ಬಳಕೆದಾರರ ಲಾಗಿನ್‌ನಲ್ಲಿ ನಿಂತು ಸರ್ವರ್ ಏನನ್ನುತ್ತದೆ ಎಂದು ನೋಡುವಾಗ ನೇರ ಡಿಲೀಟ್ ಕಡ್ಡಾಯ. ಉಳಿದ ಕಡೆ ಅಳಿಸುವಿಕೆಯನ್ನು ಪರೀಕ್ಷಿಸುವುದಾದರೆ ಬಟನ್ ಒತ್ತಿಯೇ ಪರೀಕ್ಷಿಸಬೇಕು.

ಆ ಕಮಾಂಡ್ ಏಕಿಲ್ಲ ಎಂಬುದಕ್ಕೆ ಕಾರಣ ಸರಳ. ಸೆಲೆನಿಯಂಗೆ ಆಧಾರವಾದ ವೆಬ್‌ಡ್ರೈವರ್ 2018ರ ಜೂನ್‌ನಲ್ಲಿ ಡಬ್ಲ್ಯು3ಸಿಯ ಅಧಿಕೃತ ಮಾನದಂಡವಾಯಿತು; ಬ್ರೌಸರ್ ಮುಂದೆ ಕೂತ ಮನುಷ್ಯ ಮಾಡಬಲ್ಲದ್ದನ್ನು ಮಾಡಿ ತೋರಿಸುವುದು ಅದರ ಕಸುಬು. ಆ ಮನುಷ್ಯ ವಿಳಾಸ ಟೈಪ್ ಮಾಡಿದರೆ ಹೋಗುವುದು ಗೆಟ್, ಫಾರ್ಮ್ ತುಂಬಿ ಕಳಿಸಿದರೆ ಗೆಟ್ ಇಲ್ಲವೇ ಪೋಸ್ಟ್. ಎಚ್‌ಟಿಎಂಎಲ್5ರ ಕರಡಿನಲ್ಲಿ ಒಂದು ಹಂತದಲ್ಲಿ ಫಾರ್ಮ್‌ಗಳಿಗೆ ಪುಟ್, ಡಿಲೀಟ್ ಎರಡನ್ನೂ ಕೊಟ್ಟಿದ್ದರು, ಆಮೇಲೆ ಕಿತ್ತುಹಾಕಿದರು. ಹೀಗಾಗಿ ಪುಟವೊಂದರಿಂದ ಡಿಲೀಟ್ ಹೊರಡಬೇಕಾದರೆ ಆ ಪುಟದ ಸ್ಕ್ರಿಪ್ಟೇ ಅದನ್ನು ಕಳಿಸಬೇಕು. (ಸೆಲೆನಿಯಂ ತಾನೇ ದಿನವಿಡೀ ಡಿಲೀಟ್ ಕಳಿಸುತ್ತಿರುತ್ತದೆ ಎಂಬುದು ಬೇರೆ ಮಾತು: ಟೆಸ್ಟ್ ಮುಗಿಸಿ ಬ್ರೌಸರ್ ಮುಚ್ಚುವಾಗ ಸೆಷನ್ ಕೊನೆಗೊಳಿಸಲು ತನ್ನ ಡ್ರೈವರ್‌ಗೆ ಅದು ಕಳಿಸುವುದು ಡಿಲೀಟನ್ನೇ. ಅದು ಪರೀಕ್ಷೆಗೊಳಗಾದ ಸೈಟನ್ನು ಮುಟ್ಟುವುದಿಲ್ಲ.) ಬಟನ್ ಒತ್ತುವುದರ ಬೆಲೆ ಇಲ್ಲೇ ಇದೆ. ಗ್ರಂಥಾಲಯವೊಂದರ ಸೈಟಿನಲ್ಲಿ ಪುಸ್ತಕಗಳ ಪಟ್ಟಿಯನ್ನು ಲೇಖಕರ ಹೆಸರಿನಂತೆ ಜೋಡಿಸಿ, ಮೂರನೇ ಸಾಲಿನ ಬಟನ್ ಒತ್ತಿದರೆ, ಜೋಡಿಸುವ ಮೊದಲು ಮೂರನೆಯದಾಗಿದ್ದ ಪುಸ್ತಕ ಅಳಿದುಹೋಗಬಹುದು. ಸರ್ವರ್ ತನಗೆ ಬಂದ ವಿಳಾಸದಲ್ಲಿದ್ದುದನ್ನು ಸರಿಯಾಗಿಯೇ ಅಳಿಸಿದೆ, ತಪ್ಪಿದ್ದು ಪುಟ. ನೇರವಾಗಿ ಡಿಲೀಟ್ ಕಳಿಸುವ ಟೆಸ್ಟ್ ಈ ತಪ್ಪನ್ನು ಎಂದಿಗೂ ಹಿಡಿಯದು.

ಇದಕ್ಕೆ ತಿರುಗಾಮುರುಗಾ ಇನ್ನೊಂದು ತಪ್ಪಿದೆ, ಅದು ಬಟನ್ ಒತ್ತುವವರ ಕಣ್ಣಿಗೆ ಬೀಳುವುದಿಲ್ಲ. 2005ರಲ್ಲಿ ಗೂಗಲ್ ಕಂಪನಿ ವೆಬ್ ಆಕ್ಸಲರೇಟರ್ ಎಂಬ ತಂತ್ರಾಂಶ ಹೊರತಂದಿತು. ಬಳಕೆದಾರರು ಮುಂದೆ ಕ್ಲಿಕ್ ಮಾಡಬಹುದಾದ ಲಿಂಕ್‌ಗಳನ್ನು ಮೊದಲೇ ತಂದಿಟ್ಟು ವೇಗ ಹೆಚ್ಚಿಸುವುದು ಅದರ ಉದ್ದೇಶ. ಆಗಿನ ಎಷ್ಟೋ ವೆಬ್ ಅಪ್ಲಿಕೇಶನ್‌ಗಳಲ್ಲಿ ಅಳಿಸುವುದೂ ಒಂದು ಸಾದಾ ಲಿಂಕ್ ಆಗಿತ್ತು, ಅಂದರೆ ಗೆಟ್. ಆಕ್ಸಲರೇಟರ್ ಆ ಲಿಂಕನ್ನೂ ತೆರೆಯಿತು, 37ಸಿಗ್ನಲ್ಸ್ ಕಂಪನಿಯವರ ಬ್ಯಾಕ್‌ಪ್ಯಾಕ್ ಎಂಬ ಅಪ್ಲಿಕೇಶನ್‌ನಲ್ಲಿ ಜನರ ಪುಟಗಳು ಮಾಯವಾಗತೊಡಗಿದವು. ‘ಖಂಡಿತ ಅಳಿಸಬೇಕೆ?’ ಎಂದು ಕೇಳುವ ಜಾವಾಸ್ಕ್ರಿಪ್ಟ್ ಕಿಟಕಿ ಏನೂ ಕಾಪಾಡಲಿಲ್ಲ, ಏಕೆಂದರೆ ಆ ಕಿಟಕಿ ಇದ್ದದ್ದು ಪುಟದಲ್ಲಿ, ಆಕ್ಸಲರೇಟರ್ ಮಾತಾಡಿದ್ದು ಸರ್ವರ್ ಜೊತೆ. ಅಳಿಸುವುದನ್ನು ಗೆಟ್‌ನಿಂದ ಬಿಡಿಸಿ ಪೋಸ್ಟ್‌ಗೋ ಡಿಲೀಟ್‌ಗೋ ಒಪ್ಪಿಸಬೇಕೆಂಬ ಪಾಠವನ್ನು ಎಲ್ಲರೂ ಕಲಿತರು. ಪುಟದಲ್ಲಿರುವ ಕಾವಲು ಸರ್ವರನ್ನು ಕಾಯುವುದಿಲ್ಲ ಎಂಬ ಪಾಠ ಮಾತ್ರ ಅಷ್ಟು ಚೆನ್ನಾಗಿ ಮನಸ್ಸಿಗಿಳಿಯಲಿಲ್ಲ. ಸಾಮಾನ್ಯ ಸದಸ್ಯರಿಗೆ ಬಟನ್ ಮರೆಮಾಡಿದರೆ ಹಕ್ಕನ್ನೂ ಕಿತ್ತುಕೊಂಡಂತೆ ಎಂದು ಇವತ್ತಿಗೂ ಕೋಡ್ ಬರೆಯುವವರಿದ್ದಾರೆ. ವೆಬ್ ಭದ್ರತೆಯ ದೋಷಗಳನ್ನು ಪಟ್ಟಿಮಾಡುವ ಓವಾಸ್ಪ್ ಸಂಸ್ಥೆ 2017ರಲ್ಲಿ ಐದನೆಯ ಸ್ಥಾನದಲ್ಲಿಟ್ಟಿದ್ದ ‘ಪ್ರವೇಶ ನಿಯಂತ್ರಣದ ವೈಫಲ್ಯ’ವನ್ನು 2021ರಲ್ಲಿ ಮೊದಲ ಸ್ಥಾನಕ್ಕೇರಿಸಿತು. ಬಟನ್ ಇಲ್ಲ ಎಂದು ಖಚಿತಪಡಿಸಿ ಮುಗಿಸುವ ಟೆಸ್ಟ್ ಆ ವೈಫಲ್ಯದ ಪಕ್ಕದಲ್ಲೇ ಹಾದುಹೋಗುತ್ತದೆ.

ಕಳಿಸುವ ಬಗೆ ಕಷ್ಟದ್ದಲ್ಲ. ಸದಸ್ಯರಾಗಿ ಲಾಗಿನ್ ಆಗಿ, ಸೆಲೆನಿಯಂನ ಸ್ಕ್ರಿಪ್ಟ್ ಓಡಿಸುವ ಕಮಾಂಡ್‌ನಿಂದ ಪುಟದೊಳಗೇ ಫೆಚ್ ಕರೆದು, ಮೆಥಡ್ ಡಿಲೀಟ್ ಎಂದು ಕೊಟ್ಟು, ಬಂದ ಸ್ಟೇಟಸ್ ಸಂಖ್ಯೆಯನ್ನು ಹಿಂದಕ್ಕೆ ತೆಗೆದುಕೊಂಡರೆ ಆಯಿತು. ಅದೇ ಸೈಟಿನ ವಿಳಾಸವಾದರೆ ಸ್ಕ್ರಿಪ್ಟ್ ಓದಲಾಗದ ಸೆಷನ್ ಕುಕಿ ಕೂಡ ತಾನಾಗಿ ಜೊತೆಗೆ ಹೋಗುತ್ತದೆ. ಕಷ್ಟವಿರುವುದು ಉತ್ತರವನ್ನು ಓದುವುದರಲ್ಲಿ. 403 ಬಂತು, ಅಂದರೆ ಸರ್ವರ್ ತಡೆಯಿತು, ಟೆಸ್ಟ್ ಪಾಸ್ ಎಂದು ಬರೆದುಕೊಳ್ಳುವುದು ಸುಲಭ. ಆದರೆ ಫಾರ್ಮ್‌ಗಳ ರಕ್ಷಣೆಗಿರುವ ಸಿಎಸ್‌ಆರ್‌ಎಫ್ ಟೋಕನ್ ಸೇರಿಸಲು ಮರೆತರೂ ಹಲವು ಫ್ರೇಮ್‌ವರ್ಕ್‌ಗಳು 403 ಎಂದೇ ಹೇಳುತ್ತವೆ. ಟೋಕನ್ ಹಾಕಿ ಕಳಿಸಿದ್ದರೆ ಅದೇ ಸರ್ವರ್ ಪುಸ್ತಕವನ್ನು ಅಳಿಸಿಬಿಡುತ್ತಿತ್ತೇನೋ. ಎಪಿಐ ಬೇರೆ ಡೊಮೇನ್‌ನಲ್ಲಿದ್ದರೆ ಇನ್ನೂ ಮೋಸ: ಬ್ರೌಸರ್ ಮೊದಲು ಆಪ್ಷನ್ಸ್ ರಿಕ್ವೆಸ್ಟ್ ಕಳಿಸಿ ಡಿಲೀಟ್‌ಗೆ ಅನುಮತಿ ಇದೆಯೇ ಎಂದು ಕೇಳುತ್ತದೆ, ಒಪ್ಪಿಗೆ ಸಿಗದಿದ್ದರೆ ಡಿಲೀಟ್ ಹೊರಡುವುದೇ ಇಲ್ಲ. ಕಿಡಿಗೇಡಿಯೊಬ್ಬ ಬ್ರೌಸರ್‌ನ ಈ ನಿಯಮಕ್ಕೆ ಬದ್ಧನಲ್ಲ. ಆದ್ದರಿಂದ ಇಂಥ ಕಡೆ ಸೆಲೆನಿಯಂನಂಥದ್ದೇ ಇನ್ನೊಂದು ಟೂಲ್ ಆದ ಪ್ಲೇರೈಟ್‌ನ ರಿಕ್ವೆಸ್ಟ್ ಸೌಲಭ್ಯ ಹೆಚ್ಚು ನಂಬಿಕೆಯದು. ಅದು ಬ್ರೌಸರ್‌ನ ಕುಕಿಗಳನ್ನೇ ಬಳಸುತ್ತದೆ, ಆದರೆ ಪುಟದ ಹೊರಗಿನಿಂದ ಕಳಿಸುತ್ತದೆ. ದಾರಿ ಯಾವುದೇ ಆಗಲಿ, ಜೋಡಿ ಪರೀಕ್ಷೆ ಬೇಕು. ಸದಸ್ಯರ ಸೆಷನ್‌ನಲ್ಲಿ ತಿರಸ್ಕೃತವಾದ ರಿಕ್ವೆಸ್ಟನ್ನು, ಸೆಷನ್ ಮತ್ತು ಅದರ ಟೋಕನ್ ಬಿಟ್ಟು ಬೇರೇನೂ ಬದಲಿಸದೆ, ಗ್ರಂಥಪಾಲಕರ ಲಾಗಿನ್‌ನಿಂದ ಕಳಿಸಿದಾಗ ಅದು ಯಶಸ್ವಿಯಾಗಬೇಕು. ಎರಡರ ನಡುವೆ ಪುಸ್ತಕ ಇನ್ನೂ ಅಲ್ಲೇ ಇದೆಯೇ ಎಂದು ಒಂದು ಗೆಟ್ ಕಳಿಸಿ ನೋಡಬೇಕು. 403 ಎಂದು ಹೇಳಿಯೂ ಒಳಗೊಳಗೇ ಅಳಿಸಿಬಿಟ್ಟ ಕೋಡ್ ಸಿಕ್ಕಿಬೀಳುವುದು ಆಗಲೇ.

ಇದೆಲ್ಲ ಎಪಿಐ ಟೆಸ್ಟಿಂಗ್‌ನ ಪಾಲು, ಬ್ರೌಸರ್ ಟೂಲ್‌ಗೆ ಏಕೆ ಹೊರಿಸುತ್ತೀರಿ ಎಂಬ ಆಕ್ಷೇಪಕ್ಕೆ ತೂಕವಿದೆ. ಎಪಿಐ ಟೆಸ್ಟ್‌ಗಳಲ್ಲಿ ಪ್ರತಿ ಪಾತ್ರದ ಹಕ್ಕನ್ನೂ ಈಗಾಗಲೇ ನೋಡುತ್ತಿರುವ ತಂಡಕ್ಕೆ ಇದನ್ನು ಮತ್ತೆ ಮಾಡು ಎನ್ನಲಾರೆ. ಆದರೆ ಅಲ್ಲಿ ಬಳಸುವುದು ಸಾಮಾನ್ಯವಾಗಿ ಟೆಸ್ಟ್‌ಗೆಂದೇ ತಯಾರಿಸಿದ ಟೋಕನ್. ಬಳಕೆದಾರರ ಕೈಗೆ ಸಿಗುವುದು ಲಾಗಿನ್ ಪುಟ ಕೊಟ್ಟ ಸೆಷನ್. ಆ ಸೆಷನ್‌ನಲ್ಲಿ ಯಾವ ಪಾತ್ರ ಬರೆದಿದೆ ಎಂಬುದರಲ್ಲೇ ತಪ್ಪಾಗಿದ್ದರೆ ಅದನ್ನು ಕಾಣಲು ಬ್ರೌಸರ್ ಬೇಕು. ಇನ್ನು ಟೆಸ್ಟ್ ಮುಗಿದ ಮೇಲೆ ಕಸ ತೆಗೆಯಲು ನೇರ ಡಿಲೀಟ್ ಬಳಸುವುದಕ್ಕೆ ನನ್ನ ತಕರಾರಿಲ್ಲ. ಅಲ್ಲಿ ಪರೀಕ್ಷಿಸುವುದು ಏನೂ ಇಲ್ಲ, ಬೇಗ ಮುಗಿದರೆ ಒಳ್ಳೆಯದು. ಎಚ್‌ಟಿಟಿಪಿಯ ನಿಯಮದಂತೆ ಒಂದೇ ಡಿಲೀಟನ್ನು ಎರಡು ಸಲ ಕಳಿಸಿದರೂ ಆಗುವ ಪರಿಣಾಮ ಒಂದೇ, ಹಾಗಾಗಿ ಶುಚಿಗೊಳಿಸುವ ಕೋಡ್ 204ರಂತೆಯೇ 404ನ್ನೂ ಒಪ್ಪಿಕೊಳ್ಳಬಹುದು. ಹಕ್ಕು ಪರೀಕ್ಷಿಸುವ ಕೋಡ್‌ಗೆ ಆ ಸಡಿಲಿಕೆ ಸಲ್ಲದು. ಇರುವುದನ್ನೇ ಮುಚ್ಚಿಡಲು ಸರ್ವರ್ 403ರ ಬದಲು 404 ಹೇಳುವುದಕ್ಕೆ ಅದೇ ನಿಯಮಾವಳಿಯಲ್ಲಿ ಅವಕಾಶವಿದೆ. ವಿಳಾಸವೇ ತಪ್ಪಾಗಿದ್ದರೂ ಬರುವುದು 404ನೇ. ಅಲ್ಲಿ ಸಂಖ್ಯೆಯನ್ನು ನೋಡಿದ ಮೇಲೂ ಗ್ರಂಥಪಾಲಕರ ಲಾಗಿನ್‌ನಿಂದ ಆ ಪುಸ್ತಕದ ಪುಟವನ್ನು ತೆರೆದು ನೋಡಲೇಬೇಕು.