ಇಣುಕಿದ್ದಕ್ಕೇ ಫೈಲು ಬದಲಾಯಿತು

ಡಿಬಗರ್ ಪಂಥದವರ ಜೊತೆ ಹಳೆಯ ಬಾಕಿಯೊಂದು ತೀರಿಸುವುದಿದೆ.

ಪೈಥಾನ್‌ನಲ್ಲಿ ಆಬ್ಜೆಕ್ಟನ್ನು ಪಿಕಲ್ ಮಾಡಿದಾಗ, ಅಂದರೆ ಫೈಲಿಗೆ ಸೇವ್ ಮಾಡಿದಾಗ, ಕ್ಲಾಸಿನ ಕೋಡ್ ಅದರೊಳಗೆ ಹೋಗುವುದಿಲ್ಲ. ಕ್ಲಾಸಿನ ಹೆಸರು, ಮಾಡ್ಯೂಲಿನ ಹೆಸರು, ಜೊತೆಗೆ ಆಬ್ಜೆಕ್ಟಿನ ಡಿಕ್ಟ್ ಆ ಹೊತ್ತಿಗೆ ಹೇಗಿತ್ತೋ ಹಾಗೆ, ಇಷ್ಟೇ. ಎಡವಟ್ಟೆಲ್ಲ ಆ ಡಿಕ್ಟಿನಲ್ಲೇ.

3.8ರಲ್ಲಿ ಬಂದ ಕ್ಯಾಶ್ಡ್ ಪ್ರಾಪರ್ಟಿಯನ್ನೇ ತೆಗೆದುಕೊಳ್ಳಿ. ಯಾರಾದರೂ ಕೇಳುವವರೆಗೆ ಸುಮ್ಮನಿರುತ್ತದೆ. ಕೇಳಿದೊಡನೆ ಲೆಕ್ಕ ಹಾಕಿ ಉತ್ತರವನ್ನು ಡಿಕ್ಟಿಗೆ ಸೇರಿಸುತ್ತದೆ. ನೀವು ಬ್ರೇಕ್‌ಪಾಯಿಂಟ್‌ನಲ್ಲಿ ನಿಂತು, ವೇರಿಯಬಲ್ ಪಟ್ಟಿಯಲ್ಲಿ ಆಬ್ಜೆಕ್ಟಿನ ಪಕ್ಕದ ಪುಟ್ಟ ಬಾಣ ಒತ್ತುತ್ತೀರಿ. ಪೈಚಾರ್ಮ್, ವಿಎಸ್ ಕೋಡ್ ಎರಡರ ಹೊಟ್ಟೆಯಲ್ಲೂ ಕೂತಿರುವ ಪೈಡೆವ್‌ಡಿ ಎಂಬ ಡಿಬಗರ್ ಒಂದೊಂದೇ ಹೆಸರು ಹಿಡಿದು ಬೆಲೆ ಕೇಳುತ್ತಾ ಹೋಗುತ್ತದೆ. ಹಾಗೆ ಎಚ್ಚರಗೊಂಡ ವಸ್ತುವಿನೊಳಗೆ ಥ್ರೆಡ್ ಲಾಕ್ ಒಂದಿದ್ದರೆ ಮುಗಿಯಿತು: ಮುಂದಿನ ಸಾಲಿನಲ್ಲೇ ಪಿಕಲ್ ಟೈಪ್‌ಎರರ್ ಕಾರುತ್ತದೆ. ಡಿಬಗರ್ ಇಲ್ಲದೆ ಓಡಿಸಿ, ಸಲೀಸಾಗಿ ಸೇವ್ ಆಗುತ್ತದೆ. ‘ನಾವು ಬರೀ ನೋಡುತ್ತೇವೆ, ಮುಟ್ಟುವುದಿಲ್ಲ’ ಅನ್ನುವವರು ಇದಕ್ಕೇನು ಹೇಳುತ್ತಾರೋ!

ಕರ್ನಿಘನ್ ಮತ್ತು ಪೈಕ್ 1999ರ ‘ದಿ ಪ್ರಾಕ್ಟೀಸ್ ಆಫ್ ಪ್ರೋಗ್ರಾಮಿಂಗ್’ನಲ್ಲಿ, ಸ್ಟ್ಯಾಕ್ ಟ್ರೇಸ್ ಮತ್ತು ಒಂದೆರಡು ವೇರಿಯಬಲ್‌ಗಳಾಚೆಗೆ ತಾವು ಡಿಬಗರ್ ಬಳಸುವುದು ಕಡಿಮೆ ಎಂದಿದ್ದರು. ನಾನೂ ಆ ಗುಂಪಿನವನೇ, ಪ್ರಿಂಟ್ ಹಾಕಿ ನೋಡುವವನು. ಹಾಗಂತ ಪ್ರಿಂಟ್ ಪರಮ ಸಾಧುವೇನಲ್ಲ; ನಿಮ್ಮ ರೆಪ್ರ್ ಆ ಪ್ರಾಪರ್ಟಿಯನ್ನು ಮುಟ್ಟಿದರೆ ಅದೂ ಇದೇ ಕಿತಾಪತಿ ಮಾಡುತ್ತದೆ. ಆದರೆ ಪ್ರಿಂಟಿನ ಸಾಲು ಕೋಡಿನಲ್ಲೇ ಕಾಣುತ್ತದೆ. ಬಾಣ ಒತ್ತಿದ್ದಕ್ಕೆ ಗಿಟ್‌ನಲ್ಲಿ ಗುರುತೇ ಇರುವುದಿಲ್ಲ.

ಪೈಥಾನಿನ ಪಿಡಿಬಿ ಕೂಡ ಡಿಬಗರ್ ಪಂಥದ್ದೇ, ಆದರೂ ಅದರ ಒಂದು ಜಾಣತನ ಮೆಚ್ಚಲೇಬೇಕು. ಹಳೆಯ ಪೈಥಾನ್‌ನಲ್ಲಿ ಸಿಪ್ರೊಫೈಲ್ ಮೂಲಕ ಸ್ಕ್ರಿಪ್ಟ್ ಓಡಿಸಿದರೆ, ‘ಮೇನ್’ ಎಂಬ ಹೆಸರಿನ ಮಾಡ್ಯೂಲ್ ಪ್ರೊಫೈಲರಿನದೇ ಆಗಿರುತ್ತಿತ್ತು. ನಿಮ್ಮ ಕ್ಲಾಸನ್ನು ಪಿಕಲ್ ಅಲ್ಲಿ ಹುಡುಕಿ, ಸಿಗದೆ ಕೈಚೆಲ್ಲುತ್ತಿತ್ತು. ಪಿಡಿಬಿ ಮಾತ್ರ ಬಾಡಿಗೆದಾರನಿಗಾಗಿ ತಾನೇ ಮನೆ ಖಾಲಿ ಮಾಡುವ ಮಾಲೀಕನಂತೆ, ಮೇನ್‌ನಲ್ಲಿದ್ದ ತನ್ನ ಸಾಮಾನೆಲ್ಲ ತೆಗೆದು ನಿಮ್ಮ ಸ್ಕ್ರಿಪ್ಟಿಗೆ ಜಾಗ ಬಿಡುತ್ತಿತ್ತು.

ಇನ್ನು ಬಾಣದ ಎಡವಟ್ಟಿಗೆ ಮದ್ದು: ಕ್ಲಾಸಿಗೆ ಗೆಟ್‌ಸ್ಟೇಟ್ ಬರೆದು, ಡಿಕ್ಟಿನ ನಕಲು ಮಾಡಿ, ಲೆಕ್ಕ ಹಾಕಿ ಪಡೆಯಬಹುದಾದದ್ದನ್ನೆಲ್ಲ ನಕಲಿನಿಂದ ಕಿತ್ತುಹಾಕಿ. ಮೂಲ ಡಿಕ್ಟಿಗೇ ಕೈ ಹಾಕಿದರೆ ಸೇವ್ ಮಾಡಿದ್ದಕ್ಕೇ ಆಬ್ಜೆಕ್ಟ್ ಬದಲಾಗುತ್ತದೆ, ಆಗ ಡಿಬಗರ್ ಮೇಲೆ ಗೂಬೆ ಕೂರಿಸುವಂತಿಲ್ಲ.